ಚನ್ನಕೇಶವಪ್ಪ ರಸ್ತೆ

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಮನೆಯವರೆಲ್ಲ ಹೇಳುತ್ತಾರೆ. ಇರಲಿ. ಬೆಳಗ್ಗೆ ಎದ್ದು ಮನೆ ಮುಂದೆ ರಂಗೋಲಿ ಹಾಕುವಾಗ ಬೆನ್ನ ಹಿಂದೆ ಕಾರೊಂದು ಬಂದು ನಿಂತು, ಹಾರ್ನ್ ಹೊಡೆದು, ‘ಆಂಟಿ, ಸ್ವಲ್ಪ ಸೈಡಿಗೆ ಬನ್ನಿ’ ಅಂದರೆ ಯಾರಿಗೆ ತಾನೆ ಸಿಟ್ಟು ಬರುವುದಿಲ್ಲ? ನನ್ನ ಮನೆ, ನನ್ನ ಅಂಗಳ, ನಾನು ಸೈಡಿಗೆ ಹೋಗಬೇಕಂತೆ!

ಬ್ಯಾಟರಾಯನಪುರದ ಹಳೆಯ ಊರಿನಲ್ಲಿ ನಮ್ಮ ಮನೆ. ನನ್ನ ಮಾವ ಚನ್ನಕೇಶವಪ್ಪನವರು ಹೊಲವನ್ನೆಲ್ಲ ಲೇಔಟಿಗೆ ಕೊಟ್ಟರೂ ಮನೆ ಮುಂದಿನ ಅಂಗಳವನ್ನು ಮಾತ್ರ ಬಿಟ್ಟುಕೊಡಲಿಲ್ಲ. ಉದ್ದನೆಯ ಅಂಗಳ. ಒಂದು ತುದಿಗೆ ಏರ್‌ಪೋರ್ಟ್ ರಸ್ತೆಯ ಸರ್ವಿಸ್ ರೋಡು, ಇನ್ನೊಂದು ತುದಿಗೆ ಲೇಔಟಿನ ರಸ್ತೆ. ನಡುವೆ ನಮ್ಮ ಜಗಲಿ, ಅದರೆದುರು ಬೇವಿನ ಮರದಡಿ ಮಾರಮ್ಮನ ಕಲ್ಲು. ಮಾರಮ್ಮನಿಗೆ ನೀರು ಹಾಕಲು ಊರವರು ಬರಬೇಕಲ್ಲ, ಅದಕ್ಕೇ ಮಾವ ಎರಡು ತುದಿಗೂ ಗೇಟು ಇಡಿಸಲಿಲ್ಲ. ಇಲ್ಲೊಂದು ದಾರಿಯಿದೆ ಅಂತ ಯಾವ ಮ್ಯಾಪಿನಲ್ಲೂ ಇರಲಿಲ್ಲವಾದ್ದರಿಂದ ಹೊರಗಿನವರು ಇತ್ತ ತಲೆ ಹಾಕುತ್ತಿರಲಿಲ್ಲ. ಮಾವ ತೀರಿಕೊಂಡ ಮೇಲೂ ಹಾಗೇ ನಡೆದುಕೊಂಡು ಬಂದಿತ್ತು.

ಹಾಳು ಮಾಡಿದ್ದು ನನ್ನ ಮೈದುನ ಶ್ರೀಕಾಂತ. ಹೆಬ್ಬಾಳದ ಹತ್ತಿರ ಒಂದು ಫೋನ್ ಕಂಪನಿಯ ಆಫೀಸಿನಲ್ಲಿ ಅವನಿಗೆ ಕೆಲಸ. ಆ ಕಂಪನಿಯ ಫೋನುಗಳಲ್ಲಿ ಮೊದಲು ಇದ್ದದ್ದು ಎದುರಾಳಿ ಕಂಪನಿಯ ಮ್ಯಾಪು. ಎಷ್ಟು ದಿನ ಅಂತ ಪಕ್ಕದ ಮನೆಯ ಸಾರು ಕೇಳಿಕೊಂಡು ಉಣ್ಣುವುದು ಅನ್ನಿಸಿತೋ ಏನೋ, ತಾವೇ ಒಲೆ ಹೂಡಿದರು. ಹೊಸ ಮ್ಯಾಪಿಗೆ ಬೀದಿ ತುಂಬಿಸುವ ಹುಡುಗರಲ್ಲಿ ಶ್ರೀಕಾಂತನೂ ಒಬ್ಬ. ‘ನಿಮ್ಮ ನಿಮ್ಮ ಏರಿಯಾ ಮೊದಲು ಮಾಡಿ, ಅವರ ಮ್ಯಾಪಿನಲ್ಲಿ ಇಲ್ಲದ ದಾರಿ ನಮ್ಮದರಲ್ಲಿ ಇರಬೇಕು’ ಅಂತ ಮೇಲಿನವರು ಹೇಳಿದರಂತೆ. ಇವನು ಕೂತು ನಮ್ಮ ಅಂಗಳವನ್ನೇ ಗೀಚಿ, ಅದಕ್ಕೆ ಚನ್ನಕೇಶವಪ್ಪ ರಸ್ತೆ ಅಂತ ಹೆಸರಿಟ್ಟ. ಮನೆಯಲ್ಲಿ ಒಬ್ಬರಿಗೂ ಹೇಳಲಿಲ್ಲ.

ಒಂದು ಬೆಳಗ್ಗೆ ಆ ಕಂಪನಿಯ ಫೋನುಗಳಿಂದ ಹಳೆಯ ಮ್ಯಾಪು ಮಾಯವಾಗಿ ಹೊಸದು ಬಂದು ಕೂತಿತು. ಹೆಬ್ಬಾಳ ಫ್ಲೈಓವರಿನ ಜಾಮಿನಲ್ಲಿ ಸಿಕ್ಕಿಬಿದ್ದವರಿಗೆಲ್ಲ ಅದು ಒಳದಾರಿ ತೋರಿಸತೊಡಗಿತು. ಆ ಒಳದಾರಿ ನಮ್ಮ ಅಂಗಳ. ಮೊದಲು ಒಂದು ಆಟೋ ಬಂತು. ನನ್ನ ಅತ್ತೆ ಮುನಿಗಂಗಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಆಟೋದವನ ಫೋನು ಗಟ್ಟಿಯಾಗಿ, ‘ನೇರವಾಗಿ ಮುಂದುವರಿಯಿರಿ, ಚನ್ನಕೇಶವಪ್ಪ ರಸ್ತೆ’ ಅಂದಿತು. ಅತ್ತೆಯ ಕೈ ನಿಂತುಹೋಯಿತು.

“ಯಾರೇ ಅದು ಶಾಂತಲಾ, ಅವ್ರನ್ನ ಕೂಗಿದ್ದು?” ಅಂದರು.

ಅತ್ತೆಯ ವಿಷಯ ಇಲ್ಲಿ ಹೇಳಲೇಬೇಕು. ಅವರು ಗಂಡನ ಹೆಸರನ್ನು ಅವತ್ತಿನವರೆಗೆ ಬಾಯಲ್ಲಿ ಆಡಿದವರಲ್ಲ. ನಾನೇನು ಹಾಗಲ್ಲ, ನನ್ನ ಗಂಡನನ್ನು ನಾಗೇಶ್ ಅಂತಲೇ ಕರೆಯುತ್ತೇನೆ, ಕೋಪ ಬಂದರೆ ‘ಲೋ’ ಅಂತಲೂ. ಆದರೆ ಅತ್ತೆ ಮದುವೆಯಾಗಿ ಈ ಮನೆಗೆ ಬಂದ ದಿನ ನಾದಿನಿಯರು ಬಾಗಿಲಿಗೆ ಅಡ್ಡ ನಿಂತು, ಗಂಡನ ಹೆಸರು ಹೇಳಿದರೇ ಒಳಗೆ ಬಿಡುವುದು ಅಂದಿದ್ದರಂತೆ. ಇವರು ತಲೆ ತಗ್ಗಿಸಿ ನಿಂತರೇ ಹೊರತು ಬಾಯಿ ಬಿಡಲಿಲ್ಲವಂತೆ. ಕೊನೆಗೆ ನಾದಿನಿಯರೇ ಸೋತು ಸರಿದರಂತೆ. ರೇಷನ್ ಕಾರ್ಡಿನ ಆಫೀಸಿನಲ್ಲಿ ‘ಯಜಮಾನರ ಹೆಸರೇನಮ್ಮ’ ಅಂದರೆ ಪಕ್ಕದಲ್ಲಿದ್ದವರ ಮುಖ ನೋಡುತ್ತಾರೆ. ನಾವೇ ಹೇಳಬೇಕು. ಮಾವನ ಹೆಣದ ಮುಂದೆ ಅಳುವಾಗಲೂ ‘ನಾಗೇಶನ ಅಪ್ಪಾ’ ಅಂತಲೇ ಕೂಗಿ ಅತ್ತರು.

ಅವತ್ತಿನಿಂದ ಅತ್ತೆ ಜಗಲಿ ಬಿಟ್ಟು ಏಳಲಿಲ್ಲ. ಕಾರು, ಬೈಕು, ಟೆಂಪೋ, ಏನು ಬಂದರೂ ಕಿವಿ ಕೊಟ್ಟು ಕೂರುವರು. ಕೆಲವು ಫೋನುಗಳು ಇಂಗ್ಲಿಷಿನಲ್ಲಿ ಆ ಹೆಸರನ್ನು ನುಜ್ಜುಗುಜ್ಜು ಮಾಡಿ ಹೇಳುತ್ತಿದ್ದವು. ಆದರೂ ಅವರಿಗೆ ಗೊತ್ತಾಗುತ್ತಿತ್ತು. ಸೆರಗಿನ ಮರೆಯಲ್ಲಿ ಮುಸಿಮುಸಿ ನಗುವರು. ಇತ್ತ ನನಗೆ ಅಂಗಳದಲ್ಲಿ ಹಪ್ಪಳ ಒಣಗಿಸಲು ಜಾಗವಿಲ್ಲ, ಧೂಳು ಅಡುಗೆಮನೆಯವರೆಗೆ ಬರುತ್ತಿತ್ತು. ಹೊಟ್ಟೆ ಉರಿದುಹೋಯಿತು. ಎರಡು ತುದಿಗೂ ಅಡ್ಡ ಕಲ್ಲು ಇಡಿಸೋಣ ಅಂದರೆ, ಮಾರಮ್ಮನ ದಾರಿ ಮುಚ್ಚಬಾರದು ಅಂತ ಅತ್ತೆ ಒಪ್ಪಲಿಲ್ಲ. ಆಫೀಸಿನಿಂದ ಬಂದ ಶ್ರೀಕಾಂತನನ್ನು ಚಪ್ಪಲಿ ಬಿಡಲೂ ಬಿಡದೆ ಹಿಡಿದುಕೊಂಡೆ.

“ಏನೋ ಇದು? ಅಂಗಳಾನ ರೋಡ್ ಮಾಡಿದ್ದೀಯಲ್ಲ, ತಲೆ ನೆಟ್ಟಗಿದೆಯೇನೋ ನಿಂಗೆ?”

“ಅಪ್ಪನ ಹೆಸರು ಎಲ್ಲಾದ್ರೂ ಒಂದ್ಕಡೆ ಇರ್ಲಿ ಅಂತ ಅತ್ತಿಗೆ. ಅಷ್ಟು ಜಮೀನು ಕೊಟ್ರು, ಲೇಔಟಿಗೆ ಇನ್ಯಾರ್ದೋ ಹೆಸರು.”

“ಹೆಸರು ಹಾಕ್ಕೊಳ್ಳಪ್ಪ, ಯಾರ್ ಬೇಡ ಅಂದ್ರು? ಆ ಕಡೆಯಿಂದ ಈ ಕಡೆಗೆ ಯಾಕೋ ದಾರಿ ಬಿಟ್ಟೆ?”

ಅವನು ತಲೆ ತಗ್ಗಿಸಿದ. “ಮುಂದೆ ದಾರಿ ಇಲ್ದಿರೋ ಗಲ್ಲಿ ಅಂತ ಹಾಕಿದ್ರೆ ಫೋನು ಅದರ ಹೆಸರು ಹೇಳಲ್ಲ ಅತ್ತಿಗೆ. ಯಾರಾದ್ರೂ ಹಾದು ಹೋಗೋ ದಾರಿ ಆದ್ರೇನೇ ಹೇಳೋದು. ಅಮ್ಮ ಒಂದ್ಸಲ ಕೇಳಿಸ್ಕೊಳ್ಲಿ ಅಂತ ಆಸೆ ಆಯ್ತು. ಇಷ್ಟೊಂದ್ ಗಾಡಿ ಬರ್ತವೆ ಅಂದ್ಕೊಂಡಿರ್ಲಿಲ್ಲ.”

ಇಂಥವನಿಗೆ ಏನು ಬೈಯುವುದು! ಚಪ್ಪಲಿ ಬಿಟ್ಟು ಒಳಗೆ ಬಾ ಅಂದೆ. ಅವತ್ತೇ ಬಾಯಿ ಮಾಡಿ ಅದನ್ನು ಅಳಿಸಿಸಬೇಕಿತ್ತು.

ಅತ್ತೆ ದಿನಾ ಬೆಳಗ್ಗೆ ಚೊಂಬಿನಲ್ಲಿ ಅರಿಶಿನದ ನೀರು ಹಿಡಿದು ಅಂಗಳ ದಾಟಿ ಮಾರಮ್ಮನಿಗೆ ಹಾಕುತ್ತಾರೆ. ಮಂಜಾಗಲಿ ಮಳೆಯಾಗಲಿ ತಪ್ಪಿಸಿದವರಲ್ಲ. ಅವತ್ತು ಒಂದು ಸಾಮಾನಿನ ವ್ಯಾನು ಸರ್ವಿಸ್ ರೋಡಿನಿಂದ ನುಗ್ಗಿ ಬಂತು. ಚೊಂಬು ಉರುಳಿದ ಸದ್ದು ಕೇಳಿ ಓಡಿ ಬಂದರೆ, ಅತ್ತೆ ಬೇವಿನ ಬೇರಿನ ಮೇಲೆ ಬಿದ್ದಿದ್ದಾರೆ, ಸೀರೆಯೆಲ್ಲ ಹಳದಿ ನೀರು. ವ್ಯಾನಿನ ಕನ್ನಡಿ ತಗುಲಿ ಬಿದ್ದು ಬಲಗೈ ಮೂಳೆ ಮುರಿದಿತ್ತು. ಡ್ರೈವರ್ ಹೆದರಿ ಬಿಳಿಚಿಕೊಂಡು, “ಮ್ಯಾಪಲ್ಲಿ ಈ ಕಡೇನೇ ತೋರಿಸ್ತು ಮೇಡಂ” ಅಂದ. ಅವನ ಫೋನು ಸೀಟಿನ ಮೇಲೆ ಕೂತು ಇನ್ನೂ ಮಾವನ ಹೆಸರು ಹೇಳುತ್ತಲೇ ಇತ್ತು.

ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಬಂದ ಮೇಲೆ ಶ್ರೀಕಾಂತ ಅಮ್ಮನ ಕಾಲ ಬಳಿ ಕೂತು, “ತೆಗೆದ್ಬಿಡ್ತೀನಮ್ಮ” ಅಂದ.

“ತೆಗೀಬ್ಯಾಡ” ಅಂದರು ಅತ್ತೆ.

ನನಗೆ ತಡೆಯಲಾಗಲಿಲ್ಲ. “ಏನತ್ತೆ ನಿಮ್ದು? ಇವತ್ತು ಕೈ, ನಾಳೆ ಜೀವ. ಹೋದವರ ಹೆಸರಿಗೋಸ್ಕರ ಇರೋರನ್ನ ಕಳ್ಕೋಬೇಕಾ ನಾವು? ನೀವು ಇಲ್ದಿದ್ರೆ ನಾನ್ ಯಾರ ಜೊತೆ ಜಗಳ ಆಡ್ಲಿ?” ಅಂತ ಕಿರುಚಿದೆ. ಕಿರುಚುತ್ತಲೇ ಅಳು ಬಂತು.

ಅತ್ತೆ ಎಡಗೈಯಿಂದ ನನ್ನ ಕೈ ಹಿಡಿದುಕೊಂಡರು. ಅವರ ಮಾತಿನಲ್ಲಿ ಹಕಾರ ಬರುವುದಿಲ್ಲ, ಈ ಕಡೆಯ ಹಳಬರ ಮಾತೇ ಹಾಗೆ. “ನಾನಂತೂ ಅವ್ರ ಎಸ್ರು ಬಾಯ್ತುಂಬಾ ಏಳ್ನಿಲ್ಲ ಕಣವ್ವ. ಅವ್ರು ಇದ್ದಾಗ್ಲೂ ಏಳ್ನಿಲ್ಲ, ಓದ್ಮೇಲೂ ಏಳ್ನಿಲ್ಲ. ಕಿವೀಗಾದ್ರೂ ಬೀಳ್ಲಿ ಬಿಡು” ಅಂದರು.

ಶ್ರೀಕಾಂತ ಅಮ್ಮನಿಗೆ ಹೇಳದೆ, ಇದು ರಸ್ತೆಯಲ್ಲ, ತೆಗೆದುಹಾಕಿ ಅಂತ ಆಫೀಸಿನಲ್ಲಿ ಕೇಳಿಕೊಂಡ. ಆಗುವುದಿಲ್ಲ ಅಂದರು. ದಿನವೂ ಇಷ್ಟು ಗಾಡಿ ಓಡಾಡುವುದು ನಮಗೆ ಕಾಣುತ್ತಿದೆ, ರಸ್ತೆಯಲ್ಲ ಅಂದರೆ ಹೇಗೆ ಅಂದರಂತೆ. ತಾವೇ ಗಾಡಿ ನುಗ್ಗಿಸಿ, ಗಾಡಿ ಬರುತ್ತವೆ ಅಂತ ತಾವೇ ಸಾಕ್ಷಿ ಹೇಳುವುದು! ಇಂಥ ನ್ಯಾಯ ಎಲ್ಲಾದರೂ ಉಂಟೇ? ಬಹಳ ಗೋಗರೆದ ಮೇಲೆ, ಸರ್ವೆಯವನನ್ನು ಕಳಿಸುತ್ತೇವೆ, ಜಾಗ ಯಾರ ಹೆಸರಿನಲ್ಲಿದೆಯೋ ಅವರೇ ವಿಡಿಯೋದಲ್ಲಿ ಹೇಳಬೇಕು ಅಂದರು. ಶ್ರೀಕಾಂತ ಅಲ್ಲಿಯ ನೌಕರ, ಅವನ ಮಾತು ನಡೆಯುವುದಿಲ್ಲ. ಜಾಗ ಇರುವುದು ಅತ್ತೆಯ ಹೆಸರಿನಲ್ಲಿ. ತೆಗೆಯುವುದು ಬೇಡ ಅಂತ ಅತ್ತೆ ಅಂದರೆ ಅಲ್ಲಿಗೆ ಮುಗಿಯಿತು, ಅಂಗಳ ಶಾಶ್ವತವಾಗಿ ಬೀದಿಯಾಗುತ್ತದೆ. ಲೇಔಟಿನವರು ಆಗಲೇ ಟಾರು ಹಾಕಿಸಿ ಅಂತ ಶುರು ಮಾಡಿದ್ದರು. ಸರ್ವೆಯವನು ಬರುವ ವಿಷಯ ಅತ್ತೆಗೆ ಹೇಳಿದೆ. ಅವರು ಕೇಳಿಕೊಂಡು ಎದ್ದು ಜಗಲಿಗೆ ಹೋದರು.

ಆ ವಾರದಲ್ಲೇ, ಸರ್ವೆಯವನು ಬರುವ ಮೊದಲು, ಇನ್ನೊಂದು ನಡೆಯಿತು. ಎರಡು ಕಡೆಯಿಂದಲೂ ಕಾರುಗಳು ನುಗ್ಗಿ, ಅಂಗಳದ ನಡುವೆ ಮೂತಿಗೆ ಮೂತಿ ತಾಗಿಸಿ ನಿಂತವು. ಹಿಂದೆ ಹೋಗಲು ಯಾರೂ ತಯಾರಿಲ್ಲ. ಹಾರ್ನಿನ ಗದ್ದಲಕ್ಕೆ ಕಿವಿ ಗುಂಯ್‌ಗುಟ್ಟಿತು. ಟೈ ಕಟ್ಟಿದ ಒಬ್ಬ ಕಾರಿಳಿದು, ಫೋನು ನೋಡಿ, ಕಾಂಪೌಂಡಿಗೆ ಕಾಲಿಂದ ಒದ್ದು ಕೂಗಿದ: “ಯಾವನ್ರೀ ಇವ್ನು ಚನ್ನಕೇಶವಪ್ಪ? ಬೇವರ್ಸಿ ನನ್ಮಗ, ಇವನ ರೋಡಿಗಿಷ್ಟು ಬೆಂಕಿ ಹಾಕ!”

ನಾನು ಸೌಟು ಹಿಡಿದೇ ಅಂಗಳಕ್ಕೆ ಇಳಿದೆ. ಅವನ ಏಳು ತಲೆಮಾರನ್ನೂ ಬಿಡಲಿಲ್ಲ. ಅವನು ‘ಸಾರಿ ಆಂಟಿ’ ಅಂದು ಕಾರಿನೊಳಗೆ ಸೇರಿ ಗಾಜು ಏರಿಸಿಕೊಂಡ. ತಿರುಗಿ ನೋಡಿದರೆ ಜಗಲಿ ಖಾಲಿ. ಅತ್ತೆ ಒಳಗೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಊಟಕ್ಕೆ ಕರೆದರೆ ಏಳಲಿಲ್ಲ. ಮಾರನೆಯ ದಿನವೂ ಜಗಲಿಗೆ ಬರಲಿಲ್ಲ.

ಸರ್ವೆಗೆ ಬಂದವನು ಮುಜಫ್ಫರ್ ಅಂತ, ಆರ್.ಟಿ. ನಗರದ ಹುಡುಗ. ಮೆದು ಮಾತಿನವನು. “ಪಕ್ಕದಿಂದ ಯಾರೂ ಹೇಳ್ಕೊಡ್ಬಾರ್ದು ಮೇಡಂ, ಅಜ್ಜೀನೇ ಹೇಳ್ಬೇಕು. ಸರಿ ಇದೆ ಅಂತ ನೋಡಿದ್ಮೇಲೆ ವಿಡಿಯೋ ಡಿಲೀಟ್ ಮಾಡ್ತಾರೆ, ಭಯ ಬೇಡ” ಅಂತ ನನಗೆ ಹೇಳಿದ. ಅತ್ತೆ ಪ್ಲಾಸ್ಟರಿನ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದು ಅಂಗಳದಲ್ಲಿ ನಿಂತರು.

“ಅಜ್ಜಿ, ಇದು ರಸ್ತೆನಾ?” ಅಂತ ಫೋನು ಹಿಡಿದು ಕೇಳಿದ ಮುಜಫ್ಫರ್.

ಅತ್ತೆ ಬೇವಿನ ಮರ ನೋಡಿದರು. “ಅಲ್ಲ ಕಣಪ್ಪ. ಅಂಗ್ಳ.”

ಶ್ರೀಕಾಂತ ಉಸಿರು ಬಿಟ್ಟ.

“ಯಾರ ಮನೆ ಅಂಗಳ ಅಜ್ಜಿ?”

“ನಮ್ದು.”

“ನಿಮ್ದು ಅಂದ್ರೆ, ಯಜಮಾನ್ರ ಹೆಸರು ಹೇಳ್ಬೇಕು ಅಜ್ಜಿ. ಜಾಗದ ಪತ್ರದಲ್ಲಿ ಇಂಥವರ ಹೆಂಡತಿ ಅಂತ ಇದೆಯಲ್ಲ, ಅದಕ್ಕೆ ತಾಳೆ ಆಗ್ಬೇಕು.”

ಅತ್ತೆ ಅಭ್ಯಾಸದಂತೆ ನನ್ನ ಮುಖ ನೋಡಿದರು. ಹೆಸರು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಮುಜಫ್ಫರ್ ಬೇಡ ಅಂತ ಕೈ ಮಾಡಿದ. ನಾನು ತುಟಿ ಕಚ್ಚಿಕೊಂಡೆ. ಅತ್ತೆ ಶ್ರೀಕಾಂತನನ್ನು ನೋಡಿದರು. ಅವನು ನೆಲ ನೋಡುತ್ತಿದ್ದ. ಅಯ್ಯೋ, ಇಷ್ಟು ದೊಡ್ಡ ಊರಿನಲ್ಲಿ ಅವರ ಸಹಾಯಕ್ಕೆ ಯಾರೂ ಇರಲಿಲ್ಲ.

ಅತ್ತೆ ಸೆರಗು ತಲೆಯ ಮೇಲೆ ಎಳೆದುಕೊಂಡರು. ತುಟಿ ಅಲುಗಾಡಿತು. ಅಷ್ಟರಲ್ಲಿ ಹಿಂದಿನಿಂದ ಒಂದು ಕಾರು ಬಂದು ಉದ್ದಕ್ಕೆ ಹಾರ್ನ್ ಹೊಡೆಯಿತು.

“ಕೇಳಿಸ್ಲಿಲ್ಲ ಅಜ್ಜಿ” ಅಂದ ಮುಜಫ್ಫರ್, ತಾನೇ ತಪ್ಪು ಮಾಡಿದವನ ಹಾಗೆ. “ಹಾರ್ನ್ ಬಂತು. ಇನ್ನೊಂದ್ಸಲ ಹೇಳ್ತೀರಾ?”

ನನಗೆ ಆ ಕಾರಿನವನನ್ನು ಎಳೆದುಹಾಕಿ ತದುಕುವಷ್ಟು ಕೋಪ ಬಂತು. ಆದರೆ ಅತ್ತೆ ಆ ಕಾರಿನ ಕಡೆಗೇ ತಿರುಗಿ, ದಾರಿಗೆ ಅಡ್ಡವಾಗಿ ನಿಂತು, ಮುರಿಯದ ಕೈ ಎತ್ತಿ, ಊರಿಗೆಲ್ಲ ಕೇಳುವ ಹಾಗೆ ಹೇಳಿದರು:

“ಚನ್ನಕೇಶವಪ್ಪ! ನನ್ ಗಂಡ. ಇದು ಅವ್ರ ಅಂಗ್ಳ. ಇಲ್ಲಿ ರಸ್ತೆ ಇಲ್ಲ, ಇಂದಕ್ಕೋಗು!”

ಕಾರು ಹಿಂದಕ್ಕೆ ಹೋಯಿತು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಲ್ಲೇ ಕುಸಿದು ಕೂತರು. ಶ್ರೀಕಾಂತ ಅಂಗಳದ ನಡುವೆ ಮಗುವಿನಂತೆ ಅತ್ತುಬಿಟ್ಟ.

ಆಮೇಲೆ ಮ್ಯಾಪಿನಿಂದ ರಸ್ತೆ ಹೋಯಿತು, ಹೆಸರೂ ಹೋಯಿತು. ಅಂಗಳದಲ್ಲಿ ಈಗ ಮತ್ತೆ ಹಪ್ಪಳ ಒಣಗುತ್ತದೆ. ಅತ್ತೆ ಜಗಲಿಯ ಮೇಲೆ ಸುಮ್ಮನೆ ಕೂರುತ್ತಾರೆ. ಸರ್ವಿಸ್ ರೋಡಿನಲ್ಲಿ ಗಾಡಿ ನಿಂತರೆ ಕಿವಿ ಅತ್ತ ಹೋಗುತ್ತದೆ, ಆಮೇಲೆ ಮತ್ತೆ ಅವರೆಕಾಯಿಗೆ ಕೈ ಹಾಕುತ್ತಾರೆ. ಮೊನ್ನೆ ನನ್ನನ್ನು ಹತ್ತಿರ ಕರೆದು, ಯಾರಿಗೂ ಕೇಳದ ಹಾಗೆ ಕೇಳಿದರು.

“ಶಾಂತಲಾ, ಆ ಉಡುಗ ಫೋನಲ್ಲಿ ಇಡ್ಕೊಂಡ್ ಓದ್ನಲ್ಲ, ಅದ್ರಲ್ಲಿ ನಾನು ಅವ್ರ ಎಸ್ರು ಏಳಿದ್ದು ಅಂಗೇ ಇರ್ತದಾ?”

“ಇರುತ್ತೆ ಅತ್ತೆ, ಎಲ್ಲಿಗ್ ಹೋಗುತ್ತೆ” ಅಂದೆ. ಮುಜಫ್ಫರ್ ಹೇಳಿದ್ದ ಡಿಲೀಟಿನ ಮಾತು ಎತ್ತದೆ ಒಳಗೆ ಹೋಗಿ ಸಾರಿಗೆ ಒಗ್ಗರಣೆ ಹಾಕಿದೆ.