ಮೋರಿಯೊಳಗಿನ ಗಂಟು

ಚಿಕ್ಕಜಾಜೂರಿನಲ್ಲಿ ರೈಲು ಹಳಿಗಳ ಅಡಿಯಲ್ಲಿ ಹಳೆಯ ಕಲ್ಲಿನ ಮೋರಿಯೊಂದಿತ್ತು. ಒಬ್ಬ ಆಳು ತೆವಳಿಕೊಂಡು ಹೋಗುವಷ್ಟೇ ಜಾಗ. ಎಪ್ಪತ್ತೆರಡರ ಬೇಸಿಗೆಯಲ್ಲಿ ಅದರೊಳಗಿಂದ ಕರೆಂಟಿನ ಕೇಬಲ್ಲು ಎಳೆಯುವ ಕೆಲಸ ಬಂತು. ದೊಡ್ಡ ಮರದ ಡ್ರಮ್ಮಿಗೆ ಸುತ್ತಿ ತಂದ, ತೋಳಿನಷ್ಟು ದಪ್ಪದ, ಟಾರು ಬಳಿದ ಕೇಬಲ್ಲು. ಮೇಸ್ತ್ರಿ ದಿಲಾವರ್ ಅದರ ತುದಿಗೆ ಹಗ್ಗ ಬಿಗಿದ. ಆಚೆ ಬದಿಯಲ್ಲಿ ಆಳುಗಳು ಹಗ್ಗ ಹಿಡಿದು ನಿಂತರು. ಕೇಬಲ್ಲು ಎಲ್ಲೂ ಸಿಕ್ಕಿಕೊಳ್ಳದಂತೆ ನೋಡಲು ಒಳಗೆ ಹೋದವನು ಬಾಗೂರಿನ ಕಾಟಲಿಂಗಪ್ಪ. ಸಣಕಲು ಮೈಯವನೆಂದು ಇಂಥ ಕೆಲಸ ಯಾವಾಗಲೂ ಅವನ ಪಾಲಿಗೇ ಬರುತ್ತಿತ್ತು.

ಮೋರಿಯ ನಡುವೆ ಒಂದು ತಿರುವಿತ್ತು. ಅವನು ಅಲ್ಲಿದ್ದಾಗಲೇ ಮೇಲೆ ಗೂಡ್ಸ್ ಗಾಡಿ ಬಂದು ಮೋರಿ ಅದುರಿತು. ಬಿಗಿಯಾಗಿದ್ದ ಕೇಬಲ್ಲು ಸಟ್ಟನೆ ಪಕ್ಕಕ್ಕೆ ಹಾರಿ ಅವನ ಎದೆಯನ್ನು ಗೋಡೆಗೆ ಒತ್ತಿ ಹಿಡಿಯಿತು.

“ನಿಲ್ಸ್ರೋ! ಎಳೀಬ್ಯಾಡ್ರೋ!”

ಗಾಡಿಯ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಹಗ್ಗ ಇನ್ನಷ್ಟು ಬಿಗಿಯಿತು. ಎದೆಯೊಳಗೆ ಏನೋ ಲಟಕ್ಕೆಂದಿತು. ಗಾಡಿ ದಾಟಿದ ಮೇಲೆ ಅವನ ನರಳಾಟ ಕೇಳಿ ಹಗ್ಗ ಸಡಿಲ ಬಿಟ್ಟರು. ಆದರೆ ಕೇಬಲ್ಲು ಕಲ್ಲಿನ ಮೂಲೆಗೆ ಕಚ್ಚಿಕೊಂಡಿತ್ತು, ಕದಲಲಿಲ್ಲ. ಕೈ ಆಡಿಸಲು ಎಡೆಯಿಲ್ಲ. ಅರ್ಧ ಉಸಿರು ಎಳೆದರೆ ಇನ್ನರ್ಧಕ್ಕೆ ಜಾಗವಿಲ್ಲ. ಇಲ್ಲೇ ಮಣ್ಣಾಗುತ್ತೇನೆ ಅನ್ನಿಸಿತು.

ಕಾಲ ಕಡೆಯಿಂದ ತೆವಳುವ ಸದ್ದಾಯಿತು. ಇನ್ನೊಂದು ಹಗ್ಗ ಹಿಡಿದು ದಿಲಾವರ್ ಬಂದಿದ್ದ.

“ಲೇ ಕಾಟಣ್ಣ, ಮಾತಾಡೋ!”

“ಎದೆ ಮ್ಯಾಲೈತೆ... ಉಸ್ರು...”

“ಹಿಂದಕ್ಕೆ ಎಳ್ಸ್ತೀನಿ. ತಡ್ಕ.”

ಅವನು ಕತ್ತಲಲ್ಲೇ ಕೇಬಲ್ಲಿಗೆ ಹಗ್ಗ ಸುತ್ತಿ ಗಂಟು ಹಾಕಿ ಕೂಗಿದ. ಅವನು ಬಂದ ಬದಿಯಲ್ಲಿದ್ದ ಆಳುಗಳು ಎಳೆದರು. ಟಾರಿನ ಮೇಲೆ ಗಂಟು ಜಾರಿತು. ಅಲುಗಿದ ಕೇಬಲ್ಲು ಮತ್ತೆ ಎದೆಯ ಮೇಲೇ ಕೂತಿತು. ಕಾಟಲಿಂಗಪ್ಪನಿಗೆ ಕೂಗಲೂ ದನಿ ಬರಲಿಲ್ಲ. ಜಾರಿದ ಹಗ್ಗ ಎಳೆದುಕೊಳ್ಳಲು ದಿಲಾವರ್ ಹಿಂದಕ್ಕೆ ಸರಿದಾಗ ಹೇಗೋ ಪಿಸುಗುಟ್ಟಿದ.

“ಮೇಸ್ತ್ರಿ, ಬಿಟ್ಟು ಹೋಗಬ್ಯಾಡ.”

“ಎಲ್ಲಿಗೋ ಹೋಗ್ಲಿ? ನಿನ್ನ ಕರ್ಕಂಡೇ ಹೋಗಾದು.”

ದಿಲಾವರ್ ತನ್ನ ಅಂಗಿ ಹರಿದು ಕೇಬಲ್ಲಿಗೆ ಸುತ್ತಿದ. ಅದರ ಮೇಲೆ ಹಗ್ಗವನ್ನು ಒತ್ತೊತ್ತಾಗಿ ಸುತ್ತಿ, ಎಳೆದಷ್ಟೂ ಕಚ್ಚುವಂತೆ ಗಂಟು ಬಿಗಿದ. ಈ ಸಲ ಗಂಟು ಹಿಡಿಯಿತು. ಕೇಬಲ್ಲು ಇಷ್ಟಿಷ್ಟೇ ಸರಿದು ಎದೆ ಬಿಟ್ಟಿತು. ಕಾಲು ಹಿಡಿದು ಅವನನ್ನು ಬಿಸಿಲಿಗೆ ಎಳೆದು ಹಾಕಿದರು.

ಮಳೆಗಾಲ ಹಿಡಿಯುವ ಹೊತ್ತಿಗೆ ಮುರಿದ ಪಕ್ಕೆಲುಬು ಕೂಡಿತು. ಕಾಟಲಿಂಗಪ್ಪ ಹೊಳಲ್ಕೆರೆಯ ಕೆಲಸಕ್ಕೆ ಬಂದ. ಅಲ್ಲಿಯೂ ಮೋರಿಯೇ. ಮಂಡಿಯೂರಿ ತಲೆ ಒಳಗಿಟ್ಟವನಿಗೆ ಮೈಯೆಲ್ಲ ಬೆವರಿತು. ಮುಂದಕ್ಕೆ ಹೋಗಲಾಗದೆ, ಎಲ್ಲರೂ ನೋಡುತ್ತಿದ್ದಾರೆಂದು ಹಿಂದಕ್ಕೂ ಬರಲಾಗದೆ ಹಾಗೇ ಉಳಿದ.

“ನಂಗಾಗಕಿಲ್ಲ ಮೇಸ್ತ್ರಿ,” ಎಂದ ಕೊನೆಗೆ.

“ಡ್ರಮ್ಮಿನ ಹತ್ರ ನಿಂತ್ಕ, ಹೋಗು.”

ದಿಲಾವರ್ ಅಂಗಿ ಬಿಚ್ಚಿಟ್ಟು ತಾನೇ ಒಳಗೆ ಹೋದ. ಕಾಟಲಿಂಗಪ್ಪ ಡ್ರಮ್ಮು ಹಿಡಿದು ನಿಂತ. ಆಚೆ ತುದಿಯಿಂದ “ಬಂದೆ ಕಣ್ರೋ!” ಎಂದು ಮೇಸ್ತ್ರಿಯ ದನಿ ಕೇಳುವವರೆಗೂ ಅವನ ಉಸಿರು ಎದೆಯಲ್ಲೇ ನಿಂತಿತ್ತು.