ವಾಟ

ಎರಡನೆಯ ಹನಿ ಸರಿಯಾಗಿ ಅಣ್ಣನ ಹಣೆಯ ಮೇಲೆ ಬಿದ್ದಾಗ ತಮ್ಮನು ಕೈಯಲ್ಲಿದ್ದ ಹೂವುಗಳನ್ನು ಕುರ್ಚಿಯ ಮೇಲೆ ಹಾಕಿ ಕರ್ಚೀಫು ತೆಗೆದ. ಮೆಲ್ಲಗೆ ಒರೆಸಿದ. ಮೇಲೆ ನೋಡಲಿಲ್ಲ. ತಾನು ನೋಡಿದರೆ ಉಳಿದವರೂ ನೋಡುತ್ತಾರೆ ಎಂದು ಹೆದರಿದ.

ಮೂರನೆಯ ಹನಿಗೆ ಎಲ್ಲರೂ ನೋಡಿದರು.

"ಟೇಬಲ್ ಈಚೆ ಎಳೀರಪ್ಪ," ಎಂದಳು ಬೇಕರಿಯಾಕೆ. "ಇವತ್ತಾದ್ರೂ ಆ ಜೀವ ನೆಮ್ಮದಿಯಾಗಿ ಮಲಗಲಿ."

ದೇಹವನ್ನು ಹುಷಾರಾಗಿ ಪಕ್ಕದ ಟೇಬಲ್ಲಿಗೆ ಸಾಗಿಸಿದರು. ಖಾಲಿಯಾದ ಟೇಬಲ್ ಹನಿಯ ಕೆಳಗೇ ಉಳಿಯಿತು. ಮನೆಯ ಮೆಟ್ಟಿಲು ಇಕ್ಕಟ್ಟಾಗಿದ್ದುದರಿಂದ ದೇಹವನ್ನು ಬೀದಿಯ ಈ ಸಮಾರಂಭದ ಹಾಲ್‌ನಲ್ಲಿ ಇರಿಸಿದ್ದರು. ಕೇಳುವ ಮೊದಲೇ ಹಾಲ್ ಯಜಮಾನ ಬಾಗಿಲು ತೆರೆದು, ಬೆಳಿಗ್ಗೆಯೇ ಎ.ಸಿ.ಯನ್ನು ಪೂರ್ತಿ ಜೋರಿಗೆ ಇಟ್ಟಿದ್ದ. ಆ ಎ.ಸಿ. ಅಣ್ಣತಮ್ಮಂದಿರೇ ಕೂರಿಸಿದ್ದು.

"ಲೈಸೆನ್ಸಣ್ಣನ ಮೆಷಿನ್ನೇ ಅಲ್ವಾ ಇದು?" ಕ್ಷೌರದಂಗಡಿಯವನು ಕೇಳಿದ.

"ಹೂಂ. ಹೆತ್ತಪ್ಪ ಹೋದ ಅಂತ ಅದೂ ಅಳ್ತಿದೆ," ಎಂದಳು ಬೇಕರಿಯಾಕೆ. ಒಬ್ಬಿಬ್ಬರು ನಕ್ಕು, ತಕ್ಷಣ ಬಾಯಿ ಮುಚ್ಚಿಕೊಂಡರು.

ಲೈಸೆನ್ಸಣ್ಣ ಎಂಬುದು ಬೀದಿ ಇಟ್ಟ ಹೆಸರು. ಎ.ಸಿ. ರಿಪೇರಿಗೋ ಹೀಟರ್ ಕೂರಿಸಲಿಕ್ಕೋ ಯಾರ ಮನೆಗೆ ಹೋದರೂ ಅಣ್ಣ ಹೊಸ್ತಿಲಲ್ಲೇ ನಿಂತು ಜೇಬಿನಿಂದ ಲೈಸೆನ್ಸ್ ಕಾರ್ಡು ತೆಗೆದು ತೋರಿಸುತ್ತಿದ್ದ. ಸ್ವಂತ ಸೋದರತ್ತೆಗೂ ತೋರಿಸಿದ್ದ.

"ಕಟಿಂಗ್‌ಗೆ ಬಂದಾಗ್ಲೂ ಒಂದ್ಸಲ ಅಭ್ಯಾಸಬಲದಲ್ಲಿ ತೆಗೆದುಬಿಟ್ಟಿದ್ದ," ಎಂದ ಕ್ಷೌರದಂಗಡಿಯವನು. "ಒಳಗಿಡಪ್ಪ, ಕತ್ತರಿ ನನ್ನ ಕೈಲಿದೆ, ಈಗ ಕಾರ್ಡ್ ತೋರಿಸ್ಬೇಕಾದವನು ನಾನು ಅಂದೆ."

ಅತ್ತಿಗೆ ಕೂಡ ಸಣ್ಣಗೆ ನಕ್ಕಳು. ಬೆಳಗಿನಿಂದ ಅದೇ ಮೊದಲು.

ಅಷ್ಟರಲ್ಲಿ ಹಾಲ್ ಯಜಮಾನ ಬಕೆಟ್ ಹಿಡಿದು ಬಂದ. "ಒಳ್ಳೆ ಮನುಷ್ಯ, ಎರಡು ಮಾತಿಲ್ಲ. ಆದ್ರೆ ಇದೊಂದು ಕೆಲಸದಲ್ಲಿ ಮಾತ್ರ ಕೈ ತಪ್ಪಿತ್ತು. ಅವನೇ ಒಪ್ಕೊಂಡಿದ್ದ. ಆಮೇಲೆ ಈ ಬೀದಿಯಲ್ಲಿ ಯಾರೂ ದೊಡ್ಡ ಕೆಲಸ ಕೊಡಲಿಲ್ಲ, ಪಾಪ."

ಅತ್ತಿಗೆಯ ನಗು ಹೋಯಿತು. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳತೊಡಗಿದಳು. ತಮ್ಮನು ಬಕೆಟ್ಟನ್ನು ಇಸಿದುಕೊಂಡು, ಎಲ್ಲಿಡಬೇಕೆಂದು ತಿಳಿಯದವನಂತೆ ಹಿಡಿದೇ ನಿಂತ.

* * *

ಎ.ಸಿ.ಯಿಂದ ನೀರು ಹೊರಹೋಗುವ ಪೈಪಿಗೆ ವಾಟ ಬೇಕು, ನೀರು ತಾನಾಗಿ ಹರಿದುಹೋಗುವಷ್ಟು ಇಳಿಜಾರು. ಕಣ್ಣಿಗೆ ಅದು ಕಾಣುವುದಿಲ್ಲ. ಅದಕ್ಕೇ ಅಣ್ಣ ಸೀಲಿಂಗ್ ಮುಚ್ಚುವ ಮೊದಲು ನೀರು ಹಾಕಿ ನೋಡುತ್ತಿದ್ದ. ಒಬ್ಬ ಏಣಿಯ ಮೇಲಿಂದ ಸುರಿಯಬೇಕು, ಇನ್ನೊಬ್ಬ ಹೊರಗೆ ಪೈಪಿನ ಬಾಯಿಗೆ ಕೈಯೊಡ್ಡಿ ನಿಂತು "ಬಂತು!" ಎಂದು ಕೂಗಬೇಕು. ಆ ಕೂಗು ಕೇಳುವವರೆಗೆ ಅಣ್ಣ ಏಣಿ ಇಳಿಯುತ್ತಿರಲಿಲ್ಲ.

ಮನೆಯಲ್ಲಿ ಅದೊಂದು ತಮಾಷೆಯೇ ಆಗಿತ್ತು. ಅತ್ತಿಗೆ ಹೊಸ ಸೀರೆ ತಂದರೂ ಅಣ್ಣ, "ನೀರು ಹಾಕಿ ನೋಡ್ದ್ಯಾ?" ಎನ್ನುತ್ತಿದ್ದ. ತಮ್ಮನು ಹೆಣ್ಣು ನೋಡಿ ಬಂದ ದಿನವೂ ಅದೇ ಪ್ರಶ್ನೆ.

ಹಾಲ್‌ನ ಕೆಲಸ ಮುಗಿಯಬೇಕಿದ್ದ ಮಧ್ಯಾಹ್ನ ಅಣ್ಣ ಬೇಕರಿಯ ಕೋಲ್ಡ್ ರೂಮಿಗೆ ಹೋಗಿದ್ದ. ತಮ್ಮನಿಗೆ ಆಗಷ್ಟೇ ಸ್ವಂತ ಲೈಸೆನ್ಸ್ ಬಂದಿತ್ತು. ಪಕ್ಕದ ಬೀದಿಯಲ್ಲಿ ಅವನ ಸ್ವಂತ ಅಂಗಡಿಗೆ ಬೋರ್ಡು ಏರಿಸುತ್ತಿದ್ದರು. ಏರುವಾಗ ಕೆಳಗೆ ನಿಂತು ನೋಡಬೇಕೆಂಬ ಆಸೆ. ಹೊರಗೆ ಕೈಯೊಡ್ಡಲು ಯಾರೂ ಇರಲಿಲ್ಲ. ಇದ್ದರೂ ಕರೆಯುತ್ತಿದ್ದನೋ ಇಲ್ಲವೋ, ಅದು ಅವನಿಗೆ ಇವತ್ತಿಗೂ ಖಚಿತವಿಲ್ಲ. ಸೀಲಿಂಗ್ ಮುಚ್ಚಿದ. ತೊಲೆಯ ಪಕ್ಕ ಗೋಡೆಯ ತೂತಿಗೆ ಸಿಮೆಂಟು ಮೆತ್ತಿದ.

ಫೋನ್ ಬಂತು. "ನೀರು ಹಾಕಿ ನೋಡ್ದ್ಯಾ?"

"ಹಾಕ್ದೆ. ಬಂತು."

ಮೊದಲ ಸಮಾರಂಭದಲ್ಲೇ ಸೋರಿತು. ಯಜಮಾನ ಇಬ್ಬರನ್ನೂ ಕರೆಸಿ ಕೂಗಾಡಿದ. ಅಣ್ಣ ಏಣಿ ಹತ್ತಿ ನೋಡಿ, ಇಳಿದು, ಕೈ ಒರೆಸಿಕೊಂಡ. ತಮ್ಮನ ಕಡೆ ನೋಡಲಿಲ್ಲ. "ನನ್ನ ಕೈತಪ್ಪು," ಎಂದ. "ಗೋಡೆ ಒಡೆದು ಸರಿಮಾಡ್ತೀನಿ."

"ಒಡೆಯೋದಾ? ಬುಕಿಂಗ್ ತುಂಬಿದೆ, ಗೋಡೆ ಮುಟ್ಟಬೇಡ!"

"ಹಾಗಾದ್ರೆ ನಾನೇ ಆಗಾಗ ಬಂದು ನೋಡ್ಕೋತೀನಿ."

ಹೇಗೆ ನೋಡಿಕೊಳ್ಳುತ್ತೀಯ ಎಂದು ತಮ್ಮ ಆಮೇಲೆ ಒಂದು ದಿನವೂ ಕೇಳಲಿಲ್ಲ. ಕೇಳಿದ್ದರೆ ಅಣ್ಣ ಹೇಳಿಬಿಡುತ್ತಿದ್ದ. ಅದಕ್ಕೇ ಕೇಳಲಿಲ್ಲ.

* * *

"ಏಣಿ ಎಲ್ಲಿದೆ?" ಎಂದ ತಮ್ಮ.

"ಈಗ್ಯಾಕಪ್ಪ? ವ್ಯಾನ್ ಬರೋ ಹೊತ್ತು," ಎಂದ ಯಜಮಾನ.

"ಎಲ್ಲಿದೆ ಹೇಳಿ."

ಏಣಿ ತಂದು ನಿಲ್ಲಿಸಿದರು. ಕ್ಷೌರದಂಗಡಿಯವನು ಕೆಳಗೆ ಹಿಡಿದುಕೊಂಡ. ತಮ್ಮ ಹತ್ತಿ ಸೀಲಿಂಗಿನ ಹಲಗೆ ಸರಿಸಿದ. ಅದು ಸಲೀಸಾಗಿ ಸರಿಯಿತು. ಪದೇ ಪದೇ ಸರಿದು ಅದರ ಅಂಚು ನುಣುಪಾಗಿತ್ತು.

ಪೈಪು ತೊಲೆಯ ಹತ್ತಿರ ಮೇಲಕ್ಕೆದ್ದಿತ್ತು. ನೀರು ಅಲ್ಲಿಂದ ಹಿಂದಕ್ಕೆ ಬಂದು ಜೋಡಣೆಯಲ್ಲಿ ತೊಟ್ಟಿಕ್ಕುತ್ತಿತ್ತು. ಅದರ ಕೆಳಗೆ ಒಂದು ಸ್ಟೀಲಿನ ಊಟದ ಡಬ್ಬಿ. ಅಂಚಿನವರೆಗೆ ತುಂಬಿ ತುಳುಕುತ್ತಿತ್ತು. ಪಕ್ಕದಲ್ಲಿ ಮಡಚಿಟ್ಟ ಒರೆಸುವ ಬಟ್ಟೆ, ಒಣಗಿ ಗಟ್ಟಿಯಾಗಿತ್ತು.

ಅಣ್ಣ ಆಸ್ಪತ್ರೆ ಸೇರಿದ ಮೇಲೆ ಅದನ್ನು ಖಾಲಿ ಮಾಡುವವರು ಇರಲಿಲ್ಲ.

ತಮ್ಮನು ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಎದೆಯನ್ನು ಏಣಿಗೆ ಒರಗಿಸಿಕೊಂಡು, ಒಂದೊಂದೇ ಮೆಟ್ಟಿಲು ಇಳಿದ. ಅಂಗಿಯ ತೋಳು ಪೂರ್ತಿ ನೆನೆಯಿತು.

ಅತ್ತಿಗೆ ಎದ್ದು ಬಂದಳು. "ಇದು ನಮ್ಮನೆ ಡಬ್ಬಿ," ಎಂದಳು. ಸೊಟ್ಟಗಾದ ಮೂಲೆಯನ್ನು ಬೆರಳಿನಿಂದ ಮುಟ್ಟಿದಳು. "ಎಲ್ಲೋ ಕಳ್ಕೊಂಡೆ ಅಂದ್ರು. ಒಂದು ಡಬ್ಬಿ ಜೋಪಾನ ಮಾಡೋಕಾಗಲ್ವಾ ಅಂತ ಬಾಯಿಗೆ ಬಂದ ಹಾಗೆ ಬೈದಿದ್ದೆ."

ಯಜಮಾನ ಇಣುಕಿದ. "ಬಂದಾಗೆಲ್ಲ ಏನೋ ಸರ್ವಿಸ್ ಮಾಡ್ತಾನೆ ಅಂದ್ಕೊಂಡಿದ್ನಲ್ಲ! ನೀರು ಚೆಲ್ಲೋಕೆ ಬರ್ತಿದ್ನಾ?"

"ಆ ಪೈಪ್ ಹಾಕಿದವನು ನಾನು," ಎಂದ ತಮ್ಮ. ಧ್ವನಿ ಅಂದುಕೊಂಡಿದ್ದಕ್ಕಿಂತ ಜೋರಾಗಿ ಬಂತು. "ಅಣ್ಣ ಅಲ್ಲ. ತಪ್ಪು ನಂದು."

ಯಜಮಾನ ಅವನ ಭುಜದ ಮೇಲೆ ಕೈಯಿಟ್ಟ. "ಇರ್ಲಿ ಬಿಡಪ್ಪ. ಹೋದವನ ಹೆಸರು ಉಳಿಸ್ಬೇಕು ಅಂತ ನಿನಗೆ. ಇಂಥ ತಮ್ಮ ಎಷ್ಟು ಜನಕ್ಕೆ ಸಿಗ್ತಾನೆ?"

"ನಿಜವಾಗ್ಲೂ ನಾನೇ..."

"ಚಿನ್ನದಂಥ ಮನಸ್ಸು," ಎಂದು ಬೇಕರಿಯಾಕೆ ಕಣ್ಣೊರೆಸಿಕೊಂಡಳು. ಹಿಂದೆ ನಿಂತವರು ತಲೆದೂಗಿದರು. ತಮ್ಮ ಒಬ್ಬೊಬ್ಬರ ಮುಖವನ್ನೇ ನೋಡಿದ. ಎಲ್ಲರ ಮುಖದಲ್ಲೂ ಮೆಚ್ಚುಗೆ.

ಅತ್ತಿಗೆ ಮಾತ್ರ ತಲೆದೂಗಲಿಲ್ಲ. ಅವಳ ಕಣ್ಣು ಡಬ್ಬಿಯ ಮೇಲಿತ್ತು.

"ನೀರು ಹಾಕಿ ನೋಡಿದ್ಯಾ?" ಎಂದು ಕೇಳಿದಳು.

"ಇಲ್ಲ ಅತ್ತಿಗೆ."

"ಅವರು ಕೇಳಿರ್ತಾರಲ್ಲ. ಏನಂದೆ?"

"ಬಂತು ಅಂದೆ."

ಹೊರಗೆ ವ್ಯಾನ್ ಬಂದು ನಿಂತ ಸದ್ದಾಯಿತು. ಕ್ಷೌರದಂಗಡಿಯವನೂ ಉಳಿದವರೂ ಮುಂದೆ ಬಂದು ಅಣ್ಣನನ್ನು ಎತ್ತಿಕೊಂಡರು. ತಮ್ಮನೂ ಹೆಗಲು ಕೊಡಲು ಡಬ್ಬಿಯನ್ನು ಕೆಳಗಿಡಹೋದ.

"ಅದನ್ನ ಇಡಬೇಡ," ಎಂದಳು ಅತ್ತಿಗೆ. "ಹತ್ತು. ಈಗ ಹಾಕು. ನಾನು ಹೊರಗೆ ನಿಂತ್ಕೋತೀನಿ."

ಅವನು ಹತ್ತಿದ. ಕೆಳಗೆ ಅಣ್ಣ ಬಾಗಿಲು ದಾಟುತ್ತಿದ್ದ. ಡಬ್ಬಿಯ ನೀರನ್ನು ಪೈಪಿಗೆ ನಿಧಾನವಾಗಿ, ಅಣ್ಣ ಸುರಿಯುತ್ತಿದ್ದ ಹಾಗೆಯೇ, ಸುರಿದ. ಕಿವಿಗೊಟ್ಟ.

"ಬಂತಾ ಅತ್ತಿಗೆ?"

ಏಣಿಯ ಕೆಳಗಿನ ಖಾಲಿ ಟೇಬಲ್ಲಿನ ಮೇಲೆ ನೀರು ಟಪಟಪನೆ ಬೀಳತೊಡಗಿತು.

ಬಗ್ಗಿ ಕಿಟಕಿಯಾಚೆ ನೋಡಿದ. ವ್ಯಾನಿನ ಬಾಗಿಲು ತೆರೆದಿತ್ತು, ಜನ ಅವಳಿಗಾಗಿ ಕಾಯುತ್ತಿದ್ದರು. ಅವಳು ಗೋಡೆಯ ಕಡೆ ಮುಖ ಮಾಡಿ, ಪೈಪಿನ ಬಾಯಿಯ ಕೆಳಗೆ ಅಂಗೈ ಒಡ್ಡಿ ನಿಂತಿದ್ದಳು. ಅಂಗೈ ಒಣಗಿಯೇ ಇತ್ತು. ಅವಳು ಕೈ ತೆಗೆಯಲಿಲ್ಲ.