ಗೋದಲಿಗೆ ಬಾರದ ಹಸು

ಮೂರು ದಿನದಿಂದ ಕೆಂಪಿ ಗೋದಲಿಯ ಹತ್ತಿರ ಬರುತ್ತಿರಲಿಲ್ಲ. ಮುಂಗಾಲೊಂದನ್ನು ಎತ್ತಿ, ಇಡಲೋ ಬೇಡವೋ ಎಂಬಂತೆ ನಿಲ್ಲುತ್ತಿತ್ತು. ಅಲ್ಲಿದ್ದ ಕಬ್ಬಿಣದ ಪೈಪಿಗೆ ಮೂತಿ ತಗುಲಿದರೆ ಥಟ್ಟನೆ ಹಿಂದೆ ಸರಿಯುತ್ತಿತ್ತು. ಬೆಳಗ್ಗೆ ಎಂಟು ಲೀಟರ್ ಕೊಡುತ್ತಿದ್ದ ಹಸು ಐದಕ್ಕೆ ಇಳಿದಿತ್ತು.

ಚಿಕ್ಕಬೋರಮ್ಮ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಘಾಟು ಬಂತು. ಘಾಟು ಬಂದರೆ ದೃಷ್ಟಿಯಲ್ಲ. ಹಾಗಾದರೆ ಏನು? ಅವಳಿಗೆ ಭಯ ಜಾಸ್ತಿಯಾಯಿತು.

"ಲೇ ಚಲುವ, ಕೆಂಪಿ ಮೈ ಮುಟ್ಟಿದ್ರೆ ನನ್ ಕೈನೂ ಜುಮ್ ಅಂತದೆ ಕಣ್ಲಾ."

"ನಿಂಗೆ ವಯಸ್ಸಾಯ್ತು ಕಣವ್ವ. ನರ ಇಡ್ಕಂಡಿರ್ತದೆ. ಬಿಸ್ನೀರಲ್ಲಿ ಕೈ ಅದ್ದು, ಸರಿ ಓಯ್ತದೆ" ಎಂದ ಮಗ ಚಲುವರಾಜು.

ದೇವಲಾಪುರದ ಕಡೆಯ ಊರು ಅದು. ಕೊಟ್ಟಿಗೆ ಮನೆಯ ಗೋಡೆಗೇ ಒತ್ತಿಕೊಂಡಿತ್ತು. ಡೈರಿಯಲ್ಲಿ ಏಳು ಗಂಟೆಗೆ ಹಾಲು ಅಳೆಯುವುದನ್ನು ನಿಲ್ಲಿಸುತ್ತಾರೆ. ಹಾಗಾಗಿ ಬೆಳಗಿನ ಒಂದು ತಾಸು ಮನೆಯೆಲ್ಲ ಗಡಗಡ. ಮೇವು ಕತ್ತರಿಸುವ ಮಿಷನ್, ಹೋದ ತಿಂಗಳು ತಂದ ಹಾಲು ಕರೆಯುವ ಮಿಷನ್, ಒಳಗೆ ಸೊಸೆ ರಂಜಿತಳ ಗ್ರೈಂಡರ್. ಮೂರಕ್ಕೂ ಒಂದೇ ಲೈನು. ಮೂಲದಲ್ಲಿ ಅದು ಎರಡು ಬಲ್ಬಿಗೆಂದು ಎಳೆದಿದ್ದ ಸಣ್ಣ ವೈರು.

ಮೊದಮೊದಲು ದಿನಾ ಫ್ಯೂಸು ಹೋಗುತ್ತಿತ್ತು. ಎರಡು ಸಲ ಹಾಲು ಡೈರಿಯಿಂದ ವಾಪಸ್ ಬಂತು. ಮೂರನೆಯ ಸಲ ಚಲುವರಾಜು ದಪ್ಪ ತಾಮ್ರದ ವೈರಿನ ನಾಲ್ಕು ಎಳೆ ಹೊಸೆದು ಫ್ಯೂಸಿಗೆ ಬಿಗಿದ.

"ಇನ್ ಮ್ಯಾಕೆ ಈ ಫ್ಯೂಸು ನನ್ ಮಾತು ಮೀರಲ್ಲ" ಎಂದು ಹೆಂಡತಿಗೆ ಹೇಳಿದ.

ಮೀರಲಿಲ್ಲ. ಮಿಷನ್ ಹಾಕಿದಾಗೆಲ್ಲ ಬಲ್ಬು ಮಂಕಾಗಿ ಮತ್ತೆ ಬೆಳಗುತ್ತಿತ್ತು, ಅಷ್ಟೆ. ಆದರೆ ಆ ಬೆಳಗ್ಗೆ ರಂಜಿತ ಗೋಡೆಯ ಸ್ವಿಚ್ ಬೋರ್ಡಿನ ಮೇಲೆ ಕೈ ಇಟ್ಟಳು. ಜ್ವರ ಬಂದ ಮಗುವಿನ ಹಣೆಯ ಹಾಗೆ ಬಿಸಿಯಾಗಿತ್ತು. ರಬ್ಬರ್ ಸುಟ್ಟ ವಾಸನೆ. ಗಂಡನಿಗೆ ಹೇಳದೆ ಹಿಂದಿನ ಬೀದಿಯ ವೀಣಳಿಗೆ ಫೋನ್ ಮಾಡಿದಳು. ವೀಣ ಐಟಿಐ ಮುಗಿಸಿ, ಲೈಸೆನ್ಸ್ ಪಡೆದು, ಸುತ್ತಮುತ್ತ ವೈರಿಂಗ್ ಕೆಲಸ ಮಾಡುವ ಹುಡುಗಿ.

ವೀಣ ಬಂದಾಗ ಮೂರೂ ಮೋಟರ್ ಓಡುತ್ತಿದ್ದವು. ಚಿಕ್ಕಬೋರಮ್ಮ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು, ಕೆಂಪಿಯನ್ನು ಎಳೆದು ಪೈಪಿಗೆ ಕಟ್ಟಲು ಹೋಗುತ್ತಿದ್ದಳು.

"ದೊಡ್ಡವ್ವ, ಅಲ್ಲೇ ನಿಲ್ಲು. ಪೈಪ್ ಮುಟ್ಬ್ಯಾಡ."

ದನಿ ಜೋರಾಗಿರಲಿಲ್ಲ. ಆದರೂ ಮುದುಕಿ ಕೈ ಹಿಂದಕ್ಕೆ ತೆಗೆದುಕೊಂಡಳು. ವೀಣ ಚಪ್ಪಲಿ ಕಾಲಲ್ಲೇ ಒಣ ಹಲಗೆ ಹತ್ತಿ ನಿಂತು ಪೈಪಿಗೆ ಟೆಸ್ಟರ್ ಇಟ್ಟಳು. ಟೆಸ್ಟರಿನೊಳಗೆ ಕೆಂಪು ಚುಕ್ಕಿ ಹೊತ್ತಿತು.

ಚಲುವರಾಜು ಆ ಚುಕ್ಕಿಯನ್ನೇ ನೋಡಿದ. ಆಮೇಲೆ ತಾಯಿಯ ಪಾದಗಳನ್ನು ನೋಡಿದ. ಪಾದಗಳ ಸುತ್ತ ನೀರು ನಿಂತಿತ್ತು.

ವೀಣ ಒಳಗೆ ಹೋಗಿ ಮೇನ್ ಆಫ್ ಮಾಡಿದಳು. ಗಡಗಡ ನಿಂತಿತು. ಅವಳು ಫ್ಯೂಸು ಕಿತ್ತು ತಂದು ಚಲುವರಾಜುವಿನ ಅಂಗೈಗೆ ಹಾಕಿದಳು.

"ಇದ್ಯಾರಣ್ಣ ಕಟ್ಟಿದ್ದು?"

"ನಾನೇ ಕಣಮ್ಮಿ. ದಿನಾ ಸುಟ್ಟೋಯ್ತಿತ್ತು."

"ಸುಟ್ಟೋಗೋದೇ ಅದ್ರ ಕೆಲ್ಸ. ಕಾವಲು ನಾಯಿ ಬೊಗುಳ್ತದೆ ಅಂತ ಬಾಯಿ ಕಟ್ಟಿದಂಗೆ ಮಾಡಿದ್ಯಲ್ಲ. ಮೋಟ್ರು ಓಡೋಕಿಂತ ಶುರುವಾಗೋವಾಗ ನಾಕೈದು ಪಟ್ಟು ಕರೆಂಟ್ ಎಳೀತದೆ. ಮೂರು ಮೋಟ್ರು ಒಂದೇ ಸಣ್ಣ ವೈರಲ್ಲಿ. ಫ್ಯೂಸು ಸುಡ್ಲಿಲ್ಲ, ವೈರು ಸುಡ್ತು. ಇಲ್ನೋಡು."

ಮೇವಿನ ಮಿಷನ್ನಿನ ಹಿಂದೆ ವೈರಿನ ಮೇಲ್ಪದರ ಕರಗಿ, ಒಳಗಿನ ತಾಮ್ರ ಮಿಷನ್ನಿನ ಮೈಗೂ ಪೈಪಿಗೂ ಒರಗಿಕೊಂಡಿತ್ತು.

"ಅರ್ತಿಂಗ್ ಇದ್ದಿದ್ರೆ?" ಎಂದು ಕೇಳಿದ ಚಲುವರಾಜು.

"ಎಲ್ಲದೆ ಅರ್ತಿಂಗು? ಪ್ಲಗ್ಗಿನ ಮೂರ್ನೇ ಪಿನ್ನು ಕತ್ರಿಸಾಕಿದ್ದೀಯ."

"ಹಳೇ ಸಾಕೆಟ್ಟು, ಕೂರ್ತಿರ್ಲಿಲ್ಲ" ಎಂದ ಚಲುವರಾಜು. ಮತ್ತೆ ಕೇಳಿದ, "ಈಗ ದಪ್ಪ ವೈರ್ ಎಳ್ದು, ಒಂದೇ ಲೈನಲ್ಲಿ ಮೂರೂ ಓಡಿಸ್ಬೋದಲ್ವಾ? ಖರ್ಚು ಉಳೀತದೆ."

"ಮೂರು ಹಸೂನ ಒಂದೇ ಗೂಟಕ್ಕೆ ಕಟ್ತೀಯಾ ಅಣ್ಣ? ದೊಡ್ಡ ಮೋಟ್ರು ಒಂದೊಂದಕ್ಕೂ ಬೋರ್ಡಿಂದ್ಲೇ ಬೇರೆ ಲೈನು, ಅದ್ರ ಅಳತೆಗೆ ವೈರು, ಜಾಸ್ತಿ ಕರೆಂಟ್ ಎಳುದ್ರೆ ತಾನೇ ಬೀಳೋ ಅದ್ರದ್ದೇ ಎಂಸಿಬಿ ಸ್ವಿಚ್ಚು. ಒಂದು ಕೆಟ್ರೆ ಅದೊಂದೇ ಬೀಳ್ತದೆ. ಇಡೀ ಮನೆಗೆ ಅರ್ತಿಂಗು. ಕರೆಂಟ್ ಸೋರಿದ್ರೆ ತಟ್ಟನೆ ಕಡಿಯೋ ಆರ್‌ಸಿಸಿಬಿ ಅಂತ ಒಂದು ಬತ್ತದೆ, ಅದೂ ಬೇಕು. ಬಲ್ಬು, ಫ್ಯಾನು ಹಳೇ ಲೈನಲ್ಲೇ ಇರ್ಲಿ."

"ಈ ವರ್ಸ ಬ್ಯಾಡ, ಯುಗಾದಿ ಆದ್ಮೇಲೆ..."

ಚಲುವರಾಜು ಹಿಂದೆ ತಿರುಗಿ ನೋಡಿದ. ಅವರ ಬೆನ್ನ ಹಿಂದೆ ಕೆಂಪಿ ಮುಂಗಾಲು ಇಳಿಸಿತ್ತು. ಒಂದು ಹೆಜ್ಜೆ ಇಟ್ಟಿತು. ಮೂತಿಯನ್ನು ಪೈಪಿನ ಹತ್ತಿರ ತಂದು ಮೂಸಿತು. ಮುಟ್ಟಿತು. ಮತ್ತೊಮ್ಮೆ ಮುಟ್ಟಿತು. ಆಮೇಲೆ ಗೋದಲಿಗೆ ತಲೆ ಹಾಕಿ, ಮೂರು ದಿನದ ಹಸಿವೆಲ್ಲ ತೀರುವಂತೆ ತಿನ್ನತೊಡಗಿತು.

"ಮೂಗ್ ಜೀವ ಬಾಯ್ಬುಟ್ಟು ಹೇಳ್ಲಿಲ್ಲ" ಎಂದಳು ಚಿಕ್ಕಬೋರಮ್ಮ. "ನಾನು ಹೇಳ್ದೆ ಕಣ್ಲಾ. ನೀನು ಬಿಸ್ನೀರು ಅಂದೆ."

ಚಲುವರಾಜು ಫ್ಯೂಸಿನಿಂದ ತಾಮ್ರದ ಎಳೆಗಳನ್ನು ಒಂದೊಂದಾಗಿ ಬಿಚ್ಚಿದ. "ಯಾವತ್ತು ಬತ್ತೀಯ ವೀಣ? ಇವತ್ತೇ ಬಂದ್ಬುಡು."

ಆ ದಿನ ಕೈಯಲ್ಲೇ ಹಾಲು ಕರೆದರು. ಡೈರಿಗೆ ತಡವಾಯಿತು, ಹಾಲು ವಾಪಸ್ ಬಂತು. ರಂಜಿತ ಹೆಪ್ಪು ಹಾಕಿದಳು. ಕೆಲಸ ಮುಗಿಯಲು ಎರಡು ದಿನ ಹಿಡಿಯಿತು. ಮೂರನೆಯ ಬೆಳಗ್ಗೆ ಮಿಷನ್‌ಗಳು ಒಂದರ ಹಿಂದೊಂದು ಶುರುವಾದಾಗ ಚಲುವರಾಜು ಬಲ್ಬಿನ ಕಡೆ ನೋಡುತ್ತ ನಿಂತಿದ್ದ. ಅದು ಮಂಕಾಗಲಿಲ್ಲ. ಆದರೂ ತಾಯಿ ಪೈಪಿನ ಹತ್ತಿರ ಹೋದಾಗ ಅವನು ಅವಳ ಪಾದಗಳನ್ನು ನೋಡಿದ. ಅವಳ ಕಾಲಲ್ಲಿ ಅವನೇ ತಂದಿದ್ದ ರಬ್ಬರ್ ಬೂಟು ಇತ್ತು.

ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ, ಇವತ್ತೇ ಎದ್ದು ಹೋಗಿ ನಿಮ್ಮ ಮನೆಯ ಫ್ಯೂಸು ನೋಡಿ. ಮೋಟರ್ ಹಾಕಿದಾಗ ಬಲ್ಬು ಮಂಕಾದರೆ, ಸ್ವಿಚ್ ಬೋರ್ಡು ಬಿಸಿಯಾದರೆ, ಲೈಸೆನ್ಸ್ ಇರುವವರನ್ನು ಕರೆಸಿ ದೊಡ್ಡ ಮೋಟರುಗಳಿಗೆ ಬೇರೆ ಬೇರೆ ಲೈನು ಎಳೆಸಿ. ಅರ್ತಿಂಗ್ ಪಿನ್ನನ್ನು ಎಂದೂ ಕತ್ತರಿಸಬೇಡಿ. ಮನೆಯಲ್ಲಿ ಯಾರಾದರೂ ಕೈ ಜುಮ್ಮೆಂದಿತು ಎಂದರೆ ವಯಸ್ಸು ಕೇಳಬೇಡಿ, ಒಣಗಿದ ಕೈಯಿಂದ ಮೊದಲು ಮೇನ್ ಆಫ್ ಮಾಡಿ. ಹಸು ಹಿಂದೆ ಸರಿದರೆ, ಅದನ್ನು ಎಳೆಯಬೇಡಿ. ನೀವೂ ಒಂದು ಹೆಜ್ಜೆ ಹಿಂದೆ ಸರಿಯಿರಿ.